ಅಡುಗೆಮನೆಯ ನವೀಕರಣ: ಒಂದು ಮುಂಗಡದ ಪಾಠ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ಹಿರಿಯರು ವಾಸವಿರುವ ಮನೆಯ ಅಡುಗೆಮನೆಯನ್ನು ಒಡೆಸಿ ಹೊಸದು ಮಾಡಿಸಿರಲಾರರು. ಮಾಡಿಸಿದ್ದರೆ ಗಾದೆಗೆ ಮೂರನೆಯ ಸಾಲೊಂದು ಸೇರುತ್ತಿತ್ತು. ಸುಮಾರು ಮೂರು ದಶಕಗಳಿಂದ ವ್ಯಾಪಾರಸ್ಥರಿಗೆ 'ಎಲ್ಲವೂ ಬರವಣಿಗೆಯಲ್ಲಿರಲಿ' ಎಂದು ಸಲಹೆ ನೀಡುತ್ತ ಬಂದಿರುವ ನಾನು, ಸ್ವಂತ ಮನೆಯ ವಿಷಯದಲ್ಲಿ ಆ ಸಲಹೆಯನ್ನು ಮರೆತು ಪಟ್ಟ ಪಾಡನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಹುಬ್ಬಳ್ಳಿಯ ನಮ್ಮ ಮನೆ 1994ರಲ್ಲಿ ಕಟ್ಟಿದ್ದು. 9 ಅಡಿ ಅಗಲ, 11 ಅಡಿ ಉದ್ದದ ಅಡುಗೆಮನೆಯ ಗೋಡೆಗಳಲ್ಲಿ ತೇವ ಏರಿತ್ತು. ಕಟ್ಟೆಯ ಕೆಳಗಿನ ಮರದ ಬಾಗಿಲುಗಳನ್ನು ಗೆದ್ದಲು ತಿಂದಿತ್ತು. 2023ರ ದೀಪಾವಳಿ ಕಳೆದು, ಕಚೇರಿಯ ಆಡಿಟ್ ಒತ್ತಡವೂ ಇಳಿದ ಮೇಲೆ, ನವೆಂಬರ್ 20ರಂದು ಕೆಲಸ ಆರಂಭವಾಯಿತು. ಪರಿಚಿತರ ಮೂಲಕ ಬಂದ ಗುತ್ತಿಗೆದಾರರು ತೆರಿಗೆ ಸೇರಿ 4,20,000 ರೂಪಾಯಿಗಳ ಅಂದಾಜು ಕೊಟ್ಟರು. ಬಿಲ್ಲು ಬೇಡವೆಂದರೆ ಮೊತ್ತ ಇಳಿಯುವುದೆಂಬ ಸೂಚನೆಯನ್ನು ನಾನು ಒಪ್ಪಲಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ನನ್ನ ವೃತ್ತಿ ನನ್ನನ್ನು ಕಾಪಾಡಿತು. ಅವಧಿ 25 ದಿನಗಳೆಂಬುದು ಬಾಯಿಮಾತು. ಅಂದಾಜಿನ ಒಂದು ಹಾಳೆಯೇ ನಮ್ಮ ಕರಾರು.

ಹಣ ಮುಂದೆ, ಕೆಲಸ ಹಿಂದೆ

ಮೊದಲ ದಿನವೇ ಶೇಕಡ 40ರಂತೆ 1,68,000 ರೂಪಾಯಿ ಕೊಟ್ಟೆ. ಹನ್ನೆರಡನೆಯ ದಿನ, ಪ್ಲೈವುಡ್ ತರಿಸಬೇಕೆಂದು ಕೇಳಿದಾಗ ಮತ್ತೆ ಶೇಕಡ 30ರಂತೆ 1,26,000 ರೂಪಾಯಿ. ಹೀಗೆ ಒಟ್ಟು 2,94,000 ರೂಪಾಯಿ ಸಂದಾಯವಾದಾಗ ನಡೆದಿದ್ದ ಕೆಲಸವೆಂದರೆ ಒಡೆಯುವಿಕೆ, ನೀರಿನ ಕೊಳವೆ ಮತ್ತು ಅರ್ಧ ಗಿಲಾಯಿ. ಅದರ ಬೆಲೆ ಹೆಚ್ಚೆಂದರೆ 95,000 ರೂಪಾಯಿ. ಉಳಿದ 1,99,000 ರೂಪಾಯಿ, ಲೆಕ್ಕದ ಭಾಷೆಯಲ್ಲಿ, ಬಡ್ಡಿಯಿಲ್ಲದ, ಭದ್ರತೆಯಿಲ್ಲದ ಸಾಲ. ಕಕ್ಷಿದಾರರೊಬ್ಬರ ಖಾತೆಯಲ್ಲಿ ಇಂಥ ಬಾಕಿ ಕಂಡಿದ್ದರೆ ನಾನು ಕೂಡಲೇ ವಿವರಣೆ ಕೇಳುತ್ತಿದ್ದೆ.

ಇತ್ತ ಮನೆಯೊಳಗಿನ ಲೆಕ್ಕ ಬೇರೆಯೇ ಇತ್ತು. ಹಿಂಬದಿಯ ಪಡಸಾಲೆಯಲ್ಲಿ ಒಂದೇ ಒಲೆ. ಪಾತ್ರೆ ತೊಳೆಯಲು ಸ್ನಾನದ ಮನೆ. ನನ್ನ ತಾಯಿಗೆ ಆಗ 81 ವರ್ಷ. ಸಕ್ಕರೆ ಕಾಯಿಲೆಯಿಂದಾಗಿ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಉಪಾಹಾರ ಹೊತ್ತಿಗೆ ಸರಿಯಾಗಿ ಆಗಲೇಬೇಕು. ಡಿಸೆಂಬರ್‌ನ ಒಂದು ಬೆಳಿಗ್ಗೆ ಕೆಲಸಗಾರರು ಏಳೂವರೆಗೇ ಬಂದು ಟೈಲ್ಸ್ ಕತ್ತರಿಸತೊಡಗಿದರು. ದೂಳು ಪಡಸಾಲೆಗೆ ನುಗ್ಗಿ ನನ್ನ ಪತ್ನಿ ಒಲೆ ಆರಿಸಬೇಕಾಯಿತು. ಚುಚ್ಚುಮದ್ದು ಆಗಲೇ ಆಗಿತ್ತು. ಮುಕ್ಕಾಲು ಗಂಟೆಯಲ್ಲಿ ತಾಯಿ ಬೆವರಿ, ಕೈ ನಡುಗಿ, ಮಾತು ತೊದಲಿದರು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಎಷ್ಟು ಗಂಟೆಗೆ ಯಾವ ಕೆಲಸವೆಂಬುದನ್ನು ನಾನು ಯಾರೊಂದಿಗೂ ಮಾತನಾಡಿರಲಿಲ್ಲ. ಅಂದಾಜಿನ ಹಾಳೆಗೆ ಸಹಿ ಹಾಕಿದವನು ನಾನು. ಅದರಲ್ಲಿ ಇಲ್ಲದ್ದಕ್ಕೆ ಬೆಲೆ ತೆತ್ತವರು ಸಹಿ ಹಾಕದ ಇಬ್ಬರು.

ಬಾಕಿಯ ಸರಪಳಿ

ಡಿಸೆಂಬರ್ 18ರಿಂದ ಕೆಲಸ ನಿಂತಿತು. ಗುತ್ತಿಗೆದಾರರ ಫೋನ್ ಮೌನವಾಯಿತು. ಮೂರನೆಯ ದಿನ ಗೌಂಡಿ ಒಬ್ಬನೇ ಬಂದು ಬಾಗಿಲಲ್ಲಿ ನಿಂತು, "ಸಾಹೇಬ್ರ, ನಾವು ಕೆಲಸಾ ಬಿಟ್ಟಿಲ್ರೀ. ಎರಡು ವಾರದ ಪಗಾರ ಬಂದಿಲ್ಲ, ಅದಕ್ಕ ಬೇರೆ ಕಡೆ ಹೋಗೇವಿ" ಎಂದ. ನಾನು ಶೇಕಡ 70ರಷ್ಟು ಹಣ ಕೊಟ್ಟಿದ್ದೇನೆಂದು ಹೇಳಿದಾಗ ಆತ ತಲೆ ತಗ್ಗಿಸಿದನೇ ಹೊರತು ನಂಬಿದಂತೆ ಕಾಣಲಿಲ್ಲ.

ಮರುದಿನ ಸಂಜೆ ಗುತ್ತಿಗೆದಾರರು ಬಂದರು. ನಾನು ಸಿಟ್ಟಿನ ಮಾತುಗಳನ್ನು ಸಿದ್ಧಪಡಿಸಿಕೊಂಡಿದ್ದೆ, ಅವು ಬೇಕಾಗಲಿಲ್ಲ. ಅವರೇ ಎಲ್ಲವನ್ನೂ ಹೇಳಿದರು. ನಮ್ಮ ಮುಂಗಡ ಹಣ ಇನ್ನೊಂದು ಕೆಲಸದ ಗ್ರಾನೈಟ್ ಬಾಕಿಗೆ ಹೋಗಿತ್ತು. ಆ ಇನ್ನೊಂದು ಕೆಲಸ ನಗರದ ಮಳಿಗೆಯೊಂದರ ಒಳಾಂಗಣ. ಅದು ಮುಗಿದು ಎಂಟು ತಿಂಗಳಾದರೂ ಮಾಲೀಕರು ಕೊನೆಯ ಬಿಲ್ಲು ತೀರಿಸಿರಲಿಲ್ಲ. ಮಳಿಗೆಯ ಹೆಸರನ್ನು ನಾನು ಕೇಳಲಿಲ್ಲ. ಪ್ರತಿ ವರ್ಷ ನಾನು ಸಹಿ ಹಾಕುವ ಆಸ್ತಿ-ಜವಾಬ್ದಾರಿ ಪಟ್ಟಿಗಳಲ್ಲಿ 'ಇತರ ಸಾಲಿಗರು' ಎಂಬ ಸಾಲಿನ ಕೆಳಗೆ ಇಂಥ ಎಷ್ಟು ಗುತ್ತಿಗೆದಾರರು, ಅವರ ಹಿಂದೆ ಎಷ್ಟು ಗೌಂಡಿಗಳು ಅಡಗಿರುವರೋ ಎಂಬ ಯೋಚನೆ ಅಂದು ರಾತ್ರಿ ನಿದ್ದೆ ಕೊಡಲಿಲ್ಲ.

ಎರಡು ಪುಟಗಳ ಕರಾರು

ಡಿಸೆಂಬರ್ 22ರಂದು ಇಬ್ಬರೂ ಕುಳಿತು ಎರಡು ಪುಟಗಳ ಕರಾರು ಬರೆದೆವು. ಉಳಿದಿದ್ದ 1,26,000 ರೂಪಾಯಿಗಳಲ್ಲಿ ಗಿಲಾಯಿ ಮತ್ತು ಟೈಲ್ಸ್ ಮುಗಿದಾಗ 25,000, ಗ್ರಾನೈಟ್ ಕಟ್ಟೆಗೆ 30,000, ಕಪಾಟುಗಳಿಗೆ 35,000, ವಿದ್ಯುತ್ ಮತ್ತು ನಲ್ಲಿ ಜೋಡಣೆಗೆ 15,000. ಕೊನೆಯ 21,000, ಅಂದರೆ ಒಟ್ಟು ಮೊತ್ತದ ಶೇಕಡ 5, ಕೆಲಸ ಮುಗಿದ 60 ದಿನಗಳ ನಂತರ. ಮೊದಲ ಕಂತಿನಿಂದ ಗೌಂಡಿಯ ಬಾಕಿ ಪಗಾರ ನನ್ನ ಎದುರಿನಲ್ಲೇ ಸಲ್ಲಬೇಕು. ಹೊಸ ಗಿಲಾಯಿಗೆ ಏಳು ದಿನ ನೀರುಣಿಸದೆ ಟೈಲ್ಸ್ ಹಚ್ಚಬಾರದು. ಕತ್ತರಿಸುವ ಕೆಲಸ ಬೆಳಿಗ್ಗೆ ಹತ್ತರ ನಂತರ ಮಾತ್ರ. ಈ ಕೊನೆಯ ಷರತ್ತನ್ನು ಬರೆಸಿದವರು ನನ್ನ ಪತ್ನಿ.

ಜನವರಿಯ ಮೊದಲ ವಾರ ಮಳಿಗೆಯ ಹಳೆಯ ಬಾಕಿಯಲ್ಲಿ ಒಂದು ಭಾಗ ಬಂದಿತೆಂದು ಗುತ್ತಿಗೆದಾರರೇ ತಿಳಿಸಿದರು. ಮರುದಿನ ನಮ್ಮ ಪ್ಲೈವುಡ್ ಬಾಗಿಲಿಗೆ ಬಂತು. ಸಂಕ್ರಾಂತಿಯ ಸಜ್ಜೆ ರೊಟ್ಟಿ ಪಡಸಾಲೆಯ ಒಂಟಿ ಒಲೆಯ ಮೇಲೆಯೇ ಆಯಿತು. ಜನವರಿ 26ರಂದು, ಆರಂಭವಾದ 68ನೆಯ ದಿನ, ಹೊಸ ಅಡುಗೆಮನೆಯಲ್ಲಿ ಹಾಲುಕ್ಕಿಸಿದೆವು.

ಒಟ್ಟು ಖರ್ಚು 5,12,400 ರೂಪಾಯಿ. ಅಂದಾಜಿಗಿಂತ ಶೇಕಡ 22 ಹೆಚ್ಚು. ಇದರಲ್ಲಿ ಹಳೆಯ ಕಬ್ಬಿಣದ ಕೊಳವೆ ಬದಲಾವಣೆಗೆ 23,000, ಹೊಸ ವಿದ್ಯುತ್ ತಂತಿಗೆ 21,000, ಗ್ರಾನೈಟ್ ಕತ್ತರಿಕೆಯ ನಷ್ಟಕ್ಕೆ 17,000, ಹೊರಗಿನ ಊಟ ಮತ್ತಿತರ ವೆಚ್ಚಕ್ಕೆ 31,400. ಕೊನೆಯ ಅಂಕಿ ನನ್ನ ಪತ್ನಿಯ ನೋಟುಪುಸ್ತಕದ್ದು. ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು, ಏನು ಮುಗಿಯಿತು ಎಂಬುದನ್ನು ಅವರು ದಿನವೂ ಬರೆದಿಟ್ಟಿದ್ದರು. ಕರಾರು ಬರೆಯುವಾಗ ಇಬ್ಬರೂ ಮರುಮಾತಿಲ್ಲದೆ ಒಪ್ಪಿದ ದಾಖಲೆ ಅದೊಂದೇ.

ಮಾರ್ಚ್ ಮೊದಲ ವಾರ ತೊಟ್ಟಿಯ ಕೆಳಗೆ ನೀರು ಜಿನುಗಿತು. ಫೋನ್ ಮಾಡಿದ ದಿನವೇ ಪ್ಲಂಬರ್ ಬಂದ. ತಡೆಹಿಡಿದ 21,000 ರೂಪಾಯಿಗಳ ಮಹಿಮೆ ಇದೆಂದು ಬೇರೆ ಹೇಳಬೇಕಿಲ್ಲ. ಅವಧಿ ಮುಗಿದ ದಿನ ಆ ಹಣವನ್ನು ಕೇಳುವ ಮೊದಲೇ ಸಲ್ಲಿಸಿದೆ.

ಸದಸ್ಯರ ಗಮನಕ್ಕೆ

ಮನೆಯ ಕೆಲಸ ಮಾಡಿಸುವವರು ಕೆಲವು ಅಂಶಗಳನ್ನು ನೆನಪಿಡುವುದು ಒಳಿತು. ಒಂದೇ ವ್ಯವಹಾರಕ್ಕೆ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ನಿರ್ಬಂಧವಿದೆ. ಕಂತುಗಳಾಗಿ ಒಡೆದರೂ ವ್ಯವಹಾರ ಒಂದೇ. ಬಂಡವಾಳ ಸ್ವರೂಪದ ಸುಧಾರಣೆಗೆ ಮಾಡಿದ ವೆಚ್ಚವನ್ನು ಮುಂದೆ ಮನೆ ಮಾರುವಾಗ ಲಾಭದಿಂದ ಕಳೆಯಬಹುದು. ಸುಣ್ಣಬಣ್ಣ, ಸಣ್ಣಪುಟ್ಟ ದುರಸ್ತಿಗೆ ಇದು ಅನ್ವಯಿಸದು. ಆದುದರಿಂದ ಬಿಲ್ಲುಗಳನ್ನು ಜೋಪಾನ ಮಾಡಬೇಕು. ಕೆಲಸದಲ್ಲಿ ಕೊರತೆಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕಾರಣ ಉಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ನೀಡಬಹುದು. 5 ಲಕ್ಷ ರೂಪಾಯಿಗಳವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ಆದರೆ ದೂರಿಗಿಂತ ಕಂತುಗಳ ಪಟ್ಟಿ ಬೇಗ ಫಲ ಕೊಡುತ್ತದೆಂಬುದು ನನ್ನ ಅನುಭವ.

ಇನ್ನು, ಕೆಲಸ ಮಾಡಿಸುವ ವ್ಯಾಪಾರಸ್ಥರಿಗೆ ಒಂದು ಮಾತು. ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸರಕು, ಸೇವೆಗಳ ಹಣವನ್ನು ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಸಲ್ಲಿಸಬೇಕೆಂಬುದು 2006ರ ಕಾಯ್ದೆಯ ಆಶಯ. ಈ ನಿಯಮವನ್ನು ನಾನು ಸಭೆಗಳಲ್ಲಿ ತೆರಿಗೆಯ ವಿಷಯವಾಗಿ ವಿವರಿಸಿದ್ದೇನೆ. ಈಗ ಅದನ್ನು ವಿವರಿಸುವಾಗ, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಗೌಂಡಿಯೂ, ಪಡಸಾಲೆಯಲ್ಲಿ ಬೆವರಿ ಕುಳಿತ ನನ್ನ ತಾಯಿಯೂ ನೆನಪಿಗೆ ಬರುತ್ತಾರೆ. ನಮ್ಮ ಮೇಜಿನ ಮೇಲೆ ತಡವಾಗುವ ಒಂದು ಚೆಕ್ಕು ಯಾರ ಮನೆಯ ಒಲೆಯನ್ನು ಆರಿಸುತ್ತದೆಂದು ನಮ್ಮ ಲೆಕ್ಕಪುಸ್ತಕ ತೋರಿಸುವುದಿಲ್ಲ. ಹಾಗೆಂದು ಆ ಲೆಕ್ಕ ಇಲ್ಲವೆಂದಲ್ಲ.