ಭಾರ ಬಿದ್ದಾಗ ಬಯಲಾಗುವ ದೋಷ

ಇಳಕಲ್ ಭಾಗದ ಗ್ರಾನೈಟ್ ವ್ಯಾಪಾರದಲ್ಲಿ ಕಲ್ಲಿನ ದಿಮ್ಮಿಗೆ ಬೆಲೆ ಕಟ್ಟುವವರು ಮೊದಲು ಹುಡುಕುವುದು ಒಳಸೀಳನ್ನು. ಗರಗಸಕ್ಕೆ ಕೊಟ್ಟ ಮೇಲೆ ಸೀಳು ಕಂಡರೆ ನಷ್ಟ ಯಾರದು ಎಂಬ ತಕರಾರು ತಪ್ಪಿದ್ದಲ್ಲ. ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ತಯಾರಿಸುವ 3ಡಿ ಮುದ್ರಣದ ಬಿಡಿಭಾಗಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಈ ವಿಧಾನದ ಲಾಭ ಅಲ್ಪವಲ್ಲ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಪಿ.ಎಸ್.4 ಎಂಜಿನ್ನನ್ನು ಇಸ್ರೋ ಮರುವಿನ್ಯಾಸಗೊಳಿಸಿದಾಗ ವಿಪ್ರೋ 3ಡಿ ಸಂಸ್ಥೆಯು ಅದನ್ನು ಮುದ್ರಿಸಿಕೊಟ್ಟಿತು. 14 ಬಿಡಿಭಾಗಗಳು ಒಂದೇ ತುಂಡಾದವು. 19 ಬೆಸುಗೆಗಳು ಇಲ್ಲವಾದವು. 565 ಕಿಲೋ ಲೋಹದ ಬದಲು 13.7 ಕಿಲೋ ಪುಡಿ ಸಾಕಾಯಿತು. 2024ರ ಮೇ 9ರಂದು ಈ ಎಂಜಿನ್ 665 ಸೆಕೆಂಡುಗಳ ಜ್ವಲನ ಪರೀಕ್ಷೆಯಲ್ಲಿ ಯಶಸ್ವಿಯಾಯಿತು. ಆದರೆ ಹಲವು ಭಾಗಗಳು ಒಂದೇ ತುಂಡಾದಾಗ ಅವುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಅವಕಾಶವೂ ಹೋಗುತ್ತದೆ. ಒಳನಾಳಗಳಿಗೆ ಕಣ್ಣೂ ಅಳತೆಯ ಸಾಧನವೂ ತಲುಪಲಾರವು.

ಇಂಥ ಭಾಗಗಳ ಪರೀಕ್ಷೆಗೆ ನೆರವಾಗುವುದು ಆಸ್ಪತ್ರೆಗಳಿಂದ ಪರಿಚಿತವಾದ ಸಿ.ಟಿ. ಸ್ಕ್ಯಾನ್. 1971ರಲ್ಲಿ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರವನ್ನು ಪಡೆಯಲಾಯಿತು. ಆಸ್ಪತ್ರೆಯಲ್ಲಿ ಯಂತ್ರವು ರೋಗಿಯ ಸುತ್ತ ತಿರುಗಿದರೆ, ಕೈಗಾರಿಕೆಯಲ್ಲಿ ಸಾಮಾನ್ಯವಾಗಿ ಬಿಡಿಭಾಗವೇ ತಿರುಗುತ್ತದೆ. ನೂರಾರು ಕೋನಗಳ ಕ್ಷ-ಕಿರಣ ಚಿತ್ರಗಳನ್ನು ಗಣಕಯಂತ್ರವು ಜೋಡಿಸಿದಾಗ, ಪುಡಿ ಸರಿಯಾಗಿ ಕರಗದೆ ಉಳಿದ ಸಂದು, ಅನಿಲ ಸಿಲುಕಿದ ರಂಧ್ರ ಮುಂತಾದವು ಭಾಗವನ್ನು ಕತ್ತರಿಸದೆಯೇ ಗೋಚರಿಸುತ್ತವೆ.

ಆದರೆ ರಂಧ್ರವಿದ್ದ ಮಾತ್ರಕ್ಕೆ ಭಾಗವು ಮುರಿಯಲೇಬೇಕೆಂದಿಲ್ಲ. ಯಾವ ದೋಷ ಅಪಾಯಕಾರಿ ಎಂಬುದನ್ನು ತಿಳಿಯಲು, ಮಾದರಿಯೊಂದನ್ನು ಸ್ಕ್ಯಾನರಿನೊಳಗೇ ಎಳೆಯುವ ಅಥವಾ ಅದುಮುವ ಪುಟ್ಟ ಸಾಧನದಲ್ಲಿ ಬಿಗಿದು, ಹಂತಹಂತವಾಗಿ ಭಾರ ಹೇರಿ, ಪ್ರತಿ ಹಂತದಲ್ಲೂ ಭಾರವನ್ನು ತಡೆಹಿಡಿದು ಚಿತ್ರ ಪಡೆಯಲಾಗುತ್ತದೆ. ಈ ಚಿತ್ರಗಳನ್ನು ಹೋಲಿಸಿದಾಗ ಯಾವ ರಂಧ್ರ ಹಿಗ್ಗಿತು, ಬಿರುಕು ಎಲ್ಲಿ ಹುಟ್ಟಿತು ಎಂಬುದು ತಿಳಿಯುತ್ತದೆ. ಪದೇ ಪದೇ ಭಾರ ಹೊರುವ ಭಾಗಗಳಲ್ಲಿ, ಒಳಗಿರುವ ದುಂಡನೆಯ ದೊಡ್ಡ ರಂಧ್ರಕ್ಕಿಂತ ಮೇಲ್ಮೈ ಸಮೀಪದ ಚೂಪಾದ ಸಣ್ಣ ಸಂದು ಹೆಚ್ಚು ಅಪಾಯಕಾರಿಯಾಗಬಹುದು.

ಈ ಪರೀಕ್ಷೆಗೆ ಮಿತಿಗಳಿವೆ. ಸೂಕ್ಷ್ಮ ದೋಷ ಕಾಣಬೇಕಾದರೆ ಮಾದರಿಯು ಚಿಕ್ಕದಾಗಿರಬೇಕು. ದಪ್ಪನೆಯ ಉಕ್ಕನ್ನು ಕ್ಷ-ಕಿರಣ ಹಾಯುವುದು ಕಷ್ಟ; ಅಲ್ಯೂಮಿನಿಯಂ ಆದರೆ ಸುಲಭ. ಆದುದರಿಂದ ಇದು ಪ್ರತಿ ಭಾಗಕ್ಕೂ ಮಾಡುವ ಪರೀಕ್ಷೆಯಲ್ಲ; ಎಂಥ ದೋಷವನ್ನು ಒಪ್ಪಬಹುದು ಎಂಬ ಮಿತಿಯನ್ನು ನಿಗದಿಪಡಿಸಲು ನೆರವಾಗುವ ಪರೀಕ್ಷೆ.

ಆ ಮಿತಿಗೆ ನೇರವಾದ ಹಣಕಾಸಿನ ಮಹತ್ವವಿದೆ. ಮಿತಿ ಅನಗತ್ಯವಾಗಿ ಬಿಗಿಯಾದರೆ ಬಳಸಬಹುದಾದ ಭಾಗಗಳೂ ತಿರಸ್ಕೃತವಾಗುತ್ತವೆ. ಸಡಿಲವಾದರೆ ಅಪಾಯವು ಗ್ರಾಹಕನ ಪಾಲಾಗುತ್ತದೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ಅಸಾಧಾರಣ ಪ್ರಮಾಣದ ಪೋಲನ್ನು ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅದು ಆಯಾ ವರ್ಷದ ಖರ್ಚಾಗಿ ಲಾಭವನ್ನು ಕುಗ್ಗಿಸುತ್ತದೆ.

ತುಳಸಿಗೇರಿ, ಬಾಗಲಕೋಟೆ ಸೀಮೆಯಲ್ಲಿ ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಸಣ್ಣ ಉದ್ಯಮಿಗೂ ಈ ವಿಷಯ ದೂರದ್ದಲ್ಲ. ಮುದ್ರಿತ ಭಾಗಗಳಿಗೆ ಅನೇಕ ವೇಳೆ ಅಂತಿಮ ಕೊರೆತ ಬೇಕಾಗುತ್ತದೆ. ಹಾಗೆ ಕೊರೆಯುವಾಗ ಒಳಗಿದ್ದ ರಂಧ್ರ ಮೇಲ್ಮೈಗೆ ತೆರೆದುಕೊಂಡರೆ ತಪ್ಪು ಮುದ್ರಿಸಿದವನದೋ, ಕೊರೆದವನದೋ? ಇದಕ್ಕಾಗಿ ಸ್ವಂತ ಸಿ.ಟಿ. ಯಂತ್ರ ಕೊಳ್ಳಬೇಕಾಗಿಲ್ಲ. ಅದಕ್ಕೆ ಬಂಡವಾಳದ ಜೊತೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಕೆಲಸ ಒಪ್ಪುವ ಮುನ್ನ ಸ್ಕ್ಯಾನ್ ವರದಿಯನ್ನು ಕೇಳಿ ಪಡೆಯುವುದು, ಒಪ್ಪಬಹುದಾದ ದೋಷದ ಗಾತ್ರ ಮತ್ತು ಸ್ಥಾನ, ಪರೀಕ್ಷಾ ಶುಲ್ಕ ಹಾಗೂ ತಿರಸ್ಕೃತ ಭಾಗದ ಹೊಣೆಯನ್ನು ಖರೀದಿ ಆದೇಶದಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮಕರ.