ಕೇಸು ವಜಾ ಆಯ್ತು, ಸರಿ. ಆದರೆ ಯಾವ ಥರದ ವಜಾ?

2025ರ ಏಪ್ರಿಲ್ 2ರಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶ ಡೇಲ್ ಹೋ, ಆ ನಗರದ ಅಂದಿನ ಮೇಯರ್ ಎರಿಕ್ ಆಡಮ್ಸ್ ಮೇಲಿದ್ದ ಭ್ರಷ್ಟಾಚಾರದ ಕೇಸನ್ನು ವಜಾ ಮಾಡಿದರು. ಸುದ್ದಿಯ ತುಂಬ ಇದ್ದದ್ದು ‘ಡಿಸ್ಮಿಸ್ಡ್ ವಿತ್ ಪ್ರೆಜುಡಿಸ್’ ಅನ್ನೋ ಮಾತು. ನಮ್ಮ ಇಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಗೆಳೆಯನೊಬ್ಬ ಅದರ ಸ್ಕ್ರೀನ್‌ಶಾಟ್ ಹಾಕಿ ಕೇಳಿದ: “ಪೂರ್ವಗ್ರಹ ಇಟ್ಕೊಂಡು ವಜಾ ಮಾಡಿದೀನಿ ಅಂತ ಜಡ್ಜೇ ಬರ್ಕೊಳ್ಳೋದಾ? ಇದೆಂಥಾ ಕೋರ್ಟು ಮಾರಾಯಾ?”

ನಗೋ ಹಾಗಿರಲಿಲ್ಲ. ಪತ್ರಿಕೋದ್ಯಮಕ್ಕೆ ಬಂದ ಹೊಸದರಲ್ಲಿ ನಾನೂ ಅದನ್ನು ಹಾಗೇ ಅನುವಾದಿಸಿ ಡೆಸ್ಕಿನಲ್ಲಿ ಬೈಸಿಕೊಂಡವನೇ.

ಇಲ್ಲಿ ಪ್ರೆಜುಡಿಸ್ ಅಂದರೆ ಪೂರ್ವಗ್ರಹ ಅಲ್ಲ. ಹಕ್ಕಿಗೆ ಆಗುವ ಬಾಧೆ. ‘ವಿತ್ ಪ್ರೆಜುಡಿಸ್’ ವಜಾ ಆದರೆ ಅದೇ ಕೇಸನ್ನು ಮತ್ತೆ ಹಾಕುವ ಹಕ್ಕು ಹೋಯ್ತು. ‘ವಿತೌಟ್ ಪ್ರೆಜುಡಿಸ್’ ಆದರೆ ಈ ಕೇಸು ಮುಗಿಯಿತು, ಹಕ್ಕು ಉಳಿಯಿತು. ತಪ್ಪು ಸರಿಪಡಿಸಿಕೊಂಡು ಇನ್ನೊಮ್ಮೆ ಬರಬಹುದು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಎರಡನೆಯದು ರಿಸೈಕಲ್ ಬಿನ್‌ಗೆ ಹೋದ ಫೈಲು, ಮೊದಲನೆಯದು ಶಿಫ್ಟ್-ಡಿಲೀಟ್ ಆದ ಫೈಲು. ಲಾಯರ್ ನೋಟಿಸಿನ ತಲೆ ಮೇಲೆ ‘ವಿತೌಟ್ ಪ್ರೆಜುಡಿಸ್’ ಅಂತ ಇರೋದನ್ನ ನೀವು ನೋಡಿರಬಹುದು. ಅಲ್ಲೂ ಅರ್ಥ ಅದೇ ಕುಟುಂಬದ್ದು: ನನ್ನ ಹಕ್ಕುಗಳಿಗೆ ಬಾಧಕವಾಗದಂತೆ ಈ ಮಾತು ಹೇಳುತ್ತಿದ್ದೇನೆ.

ಈ ಪದದ ಬೇರು ರೋಮನ್ ಕಾನೂನಿನಲ್ಲಿದೆ. ಲ್ಯಾಟಿನ್ನಿನ ‘ಪ್ರೇಜುಡಿಕಿಯಮ್’ ಅಂದರೆ ಮುಂಚಿನ ತೀರ್ಪು; ಮುಂದಿನ ವ್ಯಾಜ್ಯದ ಮೇಲೆ ಪರಿಣಾಮ ಬೀರುವಂಥದ್ದು. ಮುಂಚಿನ ತೀರ್ಪಿನಿಂದ ಹಾನಿ ಆಗಬಹುದಲ್ಲ, ಆ ದಾರಿಯಲ್ಲಿ ಪದಕ್ಕೆ ‘ಹಾನಿ’ ಅನ್ನೋ ಅರ್ಥ ಬಂತು. ಮನಸ್ಸಿನೊಳಗಿನ ಮುಂಚಿನ ತೀರ್ಪು ‘ಪೂರ್ವಗ್ರಹ’ವಾಯ್ತು. ಬೀದಿ ಒಂದನ್ನು ಇಟ್ಟುಕೊಂಡಿತು, ಕೋರ್ಟು ಇನ್ನೊಂದನ್ನು.

ಇಂಗ್ಲೆಂಡಿನ ಹಳೆಯ ಕೋರ್ಟುಗಳಲ್ಲಿ ಇದೇ ವಿಚಾರಕ್ಕೆ ‘ನಾನ್‌ಸೂಟ್’ ಅಂತ ಇನ್ನೊಂದು ಪದವಿತ್ತು. ಜ್ಯೂರಿ ತೀರ್ಪು ಹೇಳಲು ಬಂದಾಗ ದಾವೆ ಹಾಕಿದವನ ಹೆಸರು ಕೂಗಬೇಕು. ಸೋಲು ಖಚಿತ ಅನ್ನಿಸಿದರೆ ಅವನು ಓಗೊಡುತ್ತಲೇ ಇರಲಿಲ್ಲ. ಆಗ ಅವನು ನಾನ್‌ಸೂಟ್. ಖರ್ಚು ಕಟ್ಟಬೇಕು, ಆದರೆ ಸೋತಂತಲ್ಲ. ಮತ್ತೆ ದಾವೆ ಹಾಕಬಹುದು. ಎದುರಾಳಿಯ ಪಾಡು ಯೋಚಿಸಿ: ಇಡೀ ವಿಚಾರಣೆ ಎದುರಿಸಿ ಗೆಲ್ಲುವ ಹೊತ್ತಿಗೆ ಆಟ ಮತ್ತೆ ಮೊದಲಿಂದ!

ಅಮೆರಿಕದ ಫೆಡರಲ್ ಕೋರ್ಟುಗಳು 1938ರಲ್ಲಿ ಜಾರಿಗೆ ಬಂದ ಸಿವಿಲ್ ನಿಯಮಗಳ 41ನೇ ನಿಯಮದಲ್ಲಿ ಈ ಆಟಕ್ಕೆ ಕಡಿವಾಣ ಹಾಕಿದವು. ಎದುರಾಳಿ ಉತ್ತರ ಸಲ್ಲಿಸುವ ಮುಂಚೆ ನೋಟಿಸ್ ಕೊಟ್ಟು ವಾಪಸ್ ತೆಗೆದರೆ ಸಾಮಾನ್ಯವಾಗಿ ‘ವಿತೌಟ್’. ಅದೇ ದಾವೆಯನ್ನು ಎರಡನೇ ಸಲ ಹಾಗೆ ತೆಗೆದರೆ ಬಾಗಿಲು ಬಂದ್.

ಈಗ ಆಡಮ್ಸ್ ಕೇಸಿಗೆ ಬರೋಣ. ಅದು ಸಿವಿಲ್ ದಾವೆಯಲ್ಲ, ಕ್ರಿಮಿನಲ್ ಕೇಸು. ಆದರೆ ಆ ಒಂದು ಪದದ ತೂಕ ಎಷ್ಟು ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಕೇಸು ಕೈಬಿಡಿ ಅಂತ ಕೇಳಿದ್ದು ಟ್ರಂಪ್ ಸರ್ಕಾರದ ನ್ಯಾಯ ಇಲಾಖೆಯೇ. ಆದರೆ ‘ವಿತೌಟ್ ಪ್ರೆಜುಡಿಸ್’ ಕೈಬಿಡಿ ಅಂತ. ವಲಸಿಗರ ವಿರುದ್ಧದ ಕಾರ್ಯಾಚರಣೆಗೆ ಮೇಯರ್ ನೆರವಾಗಲು ಈ ಕೇಸು ಅಡ್ಡಿಯಾಗಿದೆ ಅನ್ನೋದು ಇಲಾಖೆ ಕೊಟ್ಟ ಕಾರಣಗಳಲ್ಲಿ ಒಂದು. ಅಂದ್ರೆ ಮೇಯರ್ ಸರ್ಕಾರದ ಮಾತು ಕೇಳದಿದ್ದರೆ ಕೇಸನ್ನು ಮತ್ತೆ ಎಬ್ಬಿಸಬಹುದು. ಇದನ್ನು ಒಪ್ಪದೆ ಮ್ಯಾನ್‌ಹ್ಯಾಟನ್‌ನ ಹಂಗಾಮಿ ಮುಖ್ಯ ಪ್ರಾಸಿಕ್ಯೂಟರ್ ಡೇನಿಯಲ್ ಸಸೂನ್ ರಾಜೀನಾಮೆ ಕೊಟ್ಟರು.

ಕೇಸು ನಡೆಸಲೇಬೇಕು ಅಂತ ಸರ್ಕಾರಕ್ಕೆ ಒತ್ತಾಯ ಮಾಡುವ ಅಧಿಕಾರ ನ್ಯಾಯಾಧೀಶರಿಗೆ ಇರಲಿಲ್ಲ. ಆದರೆ ಮೇಯರ್ ತಲೆ ಮೇಲೆ ಕತ್ತಿ ತೂಗುಬಿಡೋದನ್ನು ಅವರು ತಡೆಯಬಹುದಿತ್ತು. ಹಾಗಾಗಿ ‘ವಿತ್ ಪ್ರೆಜುಡಿಸ್’. ಆಡಮ್ಸ್ ನಿರಪರಾಧಿ ಅಂತ ಅವರು ಹೇಳಲಿಲ್ಲ. ಮುಗಿಸೋದಾದರೆ ಪೂರ್ತಿ ಮುಗಿಸಿ ಅಂದರು, ಅಷ್ಟೆ.

ನಮ್ಮ ಕಾನೂನಿನಲ್ಲಿ ‘ವಿತ್ ಪ್ರೆಜುಡಿಸ್’ ವಜಾ ಅನ್ನೋ ಮಾತು ರೂಢಿಯಲ್ಲಿಲ್ಲ. ವಿಚಾರ ಮಾತ್ರ ಇದೆ, ಬೇರೆ ಬೇರೆ ಕಡೆ ಚದುರಿಕೊಂಡು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ ಪ್ರಕಾರ, ಹೊಸದಾಗಿ ದಾವೆ ಹಾಕಲು ಕೋರ್ಟಿನ ಅನುಮತಿ ಪಡೆಯದೆ ವಾಪಸ್ ತೆಗೆದರೆ ಅದೇ ವಿಷಯಕ್ಕೆ ಮತ್ತೆ ಬರುವಂತಿಲ್ಲ. 9ನೇ ಆದೇಶ ಇನ್ನೂ ಸ್ವಾರಸ್ಯ. ವಿಚಾರಣೆಗೆ ಎರಡೂ ಕಡೆಯವರು ಬರದೆ ವಜಾ ಆದರೆ, ಕಾಲಮಿತಿ ಇದ್ದಲ್ಲಿ ಹೊಸ ದಾವೆ ಹಾಕಬಹುದು. ಎದುರಾಳಿ ಬಂದು ನೀವು ಮಾತ್ರ ಬರದಿದ್ದರೆ ಹೊಸ ದಾವೆ ಇಲ್ಲ. ಸರಿಯಾದ ಕಾರಣ ಕೊಟ್ಟು ಹಳೆಯದನ್ನೇ ಮತ್ತೆ ತೆರೆಸಬೇಕು.

ರಾಜಕೀಯ ಸುದ್ದಿ ಓದುವವರಿಗೆ ಹೆಚ್ಚು ಮುಖ್ಯವಾದದ್ದು ಕ್ರಿಮಿನಲ್ ಕೇಸು. ‘ನಾಯಕರ ಮೇಲಿನ ಕೇಸು ವಾಪಸ್’ ಅಂತ ಆಗಾಗ ಓದುತ್ತೀರಲ್ಲ, ಅದು ನಡೆಯೋದು ಹಿಂದಿನ ಸಿಆರ್‌ಪಿಸಿಯ 321ನೇ ಸೆಕ್ಷನ್, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಸೆಕ್ಷನ್ ಅಡಿಯಲ್ಲಿ. ಕೋರ್ಟಿನ ಒಪ್ಪಿಗೆ ಬೇಕೇ ಬೇಕು. ದೋಷಾರೋಪ ನಿಗದಿಯಾಗುವ ಮುಂಚೆ ವಾಪಸ್ ಆದರೆ ಆರೋಪಿ ‘ಡಿಸ್ಚಾರ್ಜ್’. ಮುಂದೆ ಮತ್ತೆ ವಿಚಾರಣೆ ಆಗಬಹುದು. ನಿಗದಿಯಾದ ಮೇಲೆ ವಾಪಸ್ ಆದರೆ ‘ಖುಲಾಸೆ’. ಅದು ಉಳಿದಿರುವ ತನಕ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಒಂದು ದಿನ ಹಿಂದೆ ಮುಂದೆ ಆದರೂ ಫಲ ಬೇರೆ. ಹೆಡ್‌ಲೈನ್ ಮಾತ್ರ ಒಂದೇ.

ಸುಪ್ರೀಂ ಕೋರ್ಟಿಗೆ ಬಂದರೂ ಇದೇ ಗೊಂದಲ. ವಿಶೇಷ ಮೇಲ್ಮನವಿ ಅನುಮತಿ ಅರ್ಜಿ ಕಾರಣ ಹೇಳದೆ ಒಂದು ಸಾಲಿನಲ್ಲಿ ವಜಾ ಆದರೆ, ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಅಂತ ಟಿವಿಯಲ್ಲಿ ಓಡುತ್ತದೆ. ಹಾಗಲ್ಲ ಅಂತ ಸುಪ್ರೀಂ ಕೋರ್ಟೇ 2000ದಲ್ಲಿ ಕುಞಹಮ್ಮದ್ ಕೇಸಿನಲ್ಲಿ ಹೇಳಿದೆ. 2019ರಲ್ಲಿ ನಮ್ಮ ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಖಚಿತಪಡಿಸಿತು. ಅಂಥ ವಜಾದ ಅರ್ಥ ‘ಈ ಅರ್ಜಿಯನ್ನು ನಾವು ಕೈಗೆತ್ತಿಕೊಳ್ಳಲ್ಲ’ ಅಂತ ಮಾತ್ರ. ಹೈಕೋರ್ಟಿನಲ್ಲಿ ಮರುಪರಿಶೀಲನೆ ಕೇಳುವ ದಾರಿ ಆಮೇಲೂ ತೆರೆದಿರುತ್ತದೆ.

‘ವಜಾ’ ಪದಕ್ಕೆ ಮರಾಠಿಯಲ್ಲಿ ಕಳೆಯುವುದು ಅಂತ ಅರ್ಥ. ವಜಾಬಾಕಿ ಅಂದರೆ ವ್ಯವಕಲನ. ಕೋರ್ಟು ವಜಾ ಮಾಡಿದಾಗಲೂ ಏನನ್ನು ಕಳೆಯಿತು ಅಂತ ನೋಡಬೇಕು: ಕಾಗದವನ್ನೋ, ಹಕ್ಕನ್ನೋ? ಹಾಗಾಗಿ ನಿಮ್ಮ ಇಷ್ಟದ ನಾಯಕನಿಗೆ ಕ್ಲೀನ್ ಚಿಟ್ ಸಿಕ್ಕಿತು ಅಂತ ಪಟಾಕಿ ಹೊಡೆಯುವ ಮುಂಚೆ, ಅಥವಾ ಕೋರ್ಟು ಮಾರಿಕೊಂಡಿತು ಅಂತ ಪೋಸ್ಟ್ ಹಾಕುವ ಮುಂಚೆ, ಮೂರು ಪ್ರಶ್ನೆ ಕೇಳಿ. ವಾದದ ಹುರುಳು ನೋಡಿ ವಜಾ ಮಾಡಿದರಾ? ಯಾರು ಕೇಳಿದ್ದಕ್ಕೆ ಮಾಡಿದರು? ಮತ್ತೆ ಬರೋಕೆ ಬಾಗಿಲು ತೆರೆದಿದೆಯಾ?

ಗೆಳೆಯನಿಗೆ ಇದನ್ನೆಲ್ಲ ವಾಯ್ಸ್ ನೋಟ್‌ನಲ್ಲಿ ಹೇಳಿದೆ. “ಹಾಗಾದ್ರೆ ನಮ್ಮೂರಿನ ಎಷ್ಟೋ ಕ್ಲೀನ್ ಚಿಟ್‌ಗಳು ಇನ್ನೂ ರಿಸೈಕಲ್ ಬಿನ್‌ನಲ್ಲೇ ಇರಬೇಕು” ಅಂದ. ಇರಬಹುದು. ಆದೇಶದ ಕೊನೇ ಪ್ಯಾರಾ ಓದಿದರೆ ಗೊತ್ತಾಗತ್ತೆ.