ನೀಲಿ ರೇಖೆ, ಕೆಂಪು ರೇಖೆ

ಮಳೆಯ ಹಾದಿ ಕಾಯುವ ಜತ್ತ ಸೀಮೆಯ ನಮಗೆ ಮಹಾಪೂರದ ಮಾತು ದೂರದ್ದೆಂದು ತೋರಬಹುದು. ಆದರೆ ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ಸಾಂಗಲಿ ಕೃಷ್ಣೆಯ ದಂಡೆಯ ಮೇಲಿದೆ. ನಿವೃತ್ತರಾದ ನಮ್ಮ ಸಹೋದ್ಯೋಗಿಯೊಬ್ಬರು ಅಗ್ಗದ ಪ್ಲಾಟೆಂದು ಕೊಂಡು ಅಲ್ಲಿ ಕಟ್ಟಿಸಿದ ಮನೆಯಲ್ಲಿ 2019ರ ಆಗಸ್ಟಿನಲ್ಲಿ ನೀರು ಎದೆಮಟ್ಟಕ್ಕೆ ನಿಂತಿತು. ಆಗ ಇರ್ವಿನ್ ಸೇತುವೆಯ ಬಳಿ ನೀರು 57 ಅಡಿ ಮೀರಿತ್ತು. ಅಪಾಯದ ಮಟ್ಟ 45 ಅಡಿ.

ಮಹಾರಾಷ್ಟ್ರದಲ್ಲಿ ನದಿಯ ಇಕ್ಕೆಲದಲ್ಲಿ ಎರಡು ರೇಖೆಗಳನ್ನು ಗುರುತಿಸುತ್ತಾರೆ. ಸರಾಸರಿ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮೇರೆ ನೀಲಿ. 100 ವರ್ಷಕ್ಕೊಮ್ಮೆ ಬರಬಹುದಾದುದರ ಮೇರೆ ಕೆಂಪು. ನೀಲಿಯೊಳಗಿನ ನೆಲ ಉದ್ಯಾನ, ಆಟದ ಬಯಲುಗಳಂಥವಕ್ಕೆ ಮೀಸಲು; ನೀಲಿ ಕೆಂಪುಗಳ ನಡುವೆ ನಿರ್ಬಂಧಗಳೊಡನೆ ಮಾತ್ರ ಕಟ್ಟಡ.

ನೂರು ವರ್ಷಕ್ಕೊಮ್ಮೆ ಎಂದರೆ, ಒಮ್ಮೆ ಬಂದುಹೋದ ಬಳಿಕ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿವರ್ಷವೂ ನೂರರಲ್ಲಿ ಒಂದು ಸಂಭವವುಂಟು. 30 ವರ್ಷ ವಾಸಿಸುವ ಮನೆಗೆ ಅದು ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಾಗುತ್ತದೆ. ಸಾಂಗಲಿಯಾದರೋ 2005, 2019, 2021ರಲ್ಲಿ ದೊಡ್ಡ ನೆರೆಗಳನ್ನು ಕಂಡಿತು. ನದಿಯೇ ಹೊಸ ಲೆಕ್ಕ ಒಪ್ಪಿಸಿದಾಗ ಹಳೆಯ ರೇಖೆಯನ್ನು ತಿದ್ದಿ, ನಗರದ ವಿಕಾಸ ಯೋಜನೆಯಲ್ಲಿ ಸೇರಿಸಲೇಬೇಕು. ತಿದ್ದಿದರೆ ಕೆಲವರ ಪ್ಲಾಟಿನ ಬೆಲೆ ಇಳಿದೀತು. ಆ ಸಂಕಟ ಸಣ್ಣದಲ್ಲ. ತಿದ್ದದಿದ್ದರೆ ನಷ್ಟವೆಲ್ಲ ತಿಳಿಯದೆ ಕೊಂಡವನ ತಲೆಗೇ ಬರುತ್ತದೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೇ: ಸಂಚಕಾರ ಕೊಡುವ ಮೊದಲು ಮಹಾನಗರಪಾಲಿಕೆಯಲ್ಲಿ ನಕಾಶೆಯನ್ನು ನೋಡಿರಿ. ‘ಪೂರರೇಷಾ’ ಎಂಬ ಮರಾಠಿ ಶಬ್ದವನ್ನು ಹುಡುಕಿರಿ. ಓದಲು ತೊಡಕಾದರೆ ಮಕ್ಕಳಿಂದ ಓದಿಸಿರಿ. ನಮ್ಮ ಮಿತ್ರರಿಗೆ ಆ ಒಂದು ಶಬ್ದವನ್ನು ಆಗಲೇ ತೋರಿಸಿಕೊಡಲಿಲ್ಲವಲ್ಲ ಎಂಬ ಕೊರಗು ನಮಗಿನ್ನೂ ಇದೆ.